ಕಾಯಿಲಿನೊಳಗಿನ ನೂಲು

ಕೇಳಿರಿ, ಕೇಳಿರಿ, ಸಾಂತಾ ಬೆನಿತಾ ಗಣಿಯ ಮಹಾಜನಗಳೇ. ಅದಿರು ಕುಟ್ಟಿ ಅಂಗೈ ಸೀಳಿಕೊಂಡ ತಾಯಂದಿರೇ, ಗೋಡೆಗೆ ಬೆನ್ನು ಕೊಟ್ಟು ಕೋಕಾ ಎಲೆ ಅಗಿಯುತ್ತ ಕೆಮ್ಮುವ ಹಳೆಯ ಗಣಿಗಾರರೇ, ಕಲ್ಲಿನ ಮೇಲೆ ಕೂತವರೇ, ಜಾಗ ಸಿಗದೆ ನಿಂತವರೇ. ಗುಡಾರದ ನಾಟಕ ಕಂಪನಿಯಲ್ಲಿ ಹುಟ್ಟಿ, ರಾಜನ ವೇಷಕ್ಕೂ ಸೈತಾನನ ವೇಷಕ್ಕೂ ಒಂದೇ ಗಂಟಲು ಸವೆಸಿ, ನಿಮ್ಮ ಗಣಿಯ ರೇಡಿಯೋದಲ್ಲಿ ಪ್ರತಿ ಸಂಜೆ ಗುಡುಗುತ್ತಿದ್ದ ರುಫೀನೋ ಚಾಂಬಿ, ಒರೂರೋ ಪಟ್ಟಣದಿಂದ ಬರೆಯುತ್ತಿದ್ದಾನೆ. ದೊನ್ಯಾ ಪ್ರಿಮಿತಿವಾ, ನಮ್ಮ ಅತ್ತಿಗೆಗೆ ಅಕ್ಷರ ಬಾರದು, ಓದುವ ಕೆಲಸ ಎಂದಿನಂತೆ ನಿಮ್ಮದು. ಈ ಸಲ ಮಾತ್ರ ಜಪಮಾಲೆ ಎಣಿಸುವಂತೆ ಗೊಣಗಬೇಡಿ. ಬಾಗಿಲು ಹಾಕಿಕೊಂಡೂ ಓದಬೇಡಿ. ಅಂಗಳಕ್ಕೆ ಬಂದು, ಕೊನೆಯ ಸಾಲಿನವರಿಗೂ ಕೇಳುವಂತೆ ಓದಿ. ನನ್ನಣ್ಣನನ್ನು ಹಾಡಹಗಲಲ್ಲಿ, ನಿಮ್ಮೆಲ್ಲರ ಕಣ್ಣೆದುರಿಗೆ ಲಾರಿಗೆ ಹತ್ತಿಸಿದರು. ಅವನ ಸುದ್ದಿಯೂ ಹಗಲಲ್ಲೇ, ನಿಮ್ಮೆಲ್ಲರ ಎದುರಿಗೇ ಬರಲಿ.

ಪ್ರೀತಿಯ ಕಸಿಲ್ದಾ ಅತ್ತಿಗೆ,

ನಿಮ್ಮ ಗಂಡ, ನನ್ನಣ್ಣ ಎಲಿಯೋದೋರೋನ ಸುದ್ದಿ ಸಿಕ್ಕಿದೆ. ಒಳ್ಳೆಯ ಸುದ್ದಿಯಲ್ಲ. ಇಷ್ಟು ಕೇಳಿದ ಕೂಡಲೇ ನೀವು ಶಾಲು ಸರಿಪಡಿಸಿಕೊಂಡು ಎದ್ದುಬಿಡುತ್ತೀರಿ, ನನಗೆ ಗೊತ್ತು. ಅವನು ಗಡಿ ದಾಟಿದ್ದಾನೆ, ಸಮುದ್ರದ ದಂಡೆಯ ಊರಿನಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದಾನೆ, ಕೂದಲು ನೆರೆತಿದೆಯಂತೆ ಎಂದು ಯಾರಾದರೂ ಹೇಳಿದಾಗ ಮಾತ್ರ ನೀವು ಕೂತು ಕೇಳುತ್ತಿದ್ದಿರಿ. ಆಗ ಅವರಿಗೆ ಸೂಪು, ಆಲೂಗಡ್ಡೆ, ಒಣಮಾಂಸ ಎಲ್ಲ ಬಡಿಸುತ್ತಿದ್ದಿರಿ. ನನಗೇನೂ ಬಡಿಸಬೇಡಿ ಅತ್ತಿಗೆ. ಕೂತುಕೊಂಡು ಕೇಳಿದರೆ ಸಾಕು.

ಮೊನ್ನೆ ನನ್ನ ರೇಡಿಯೋ ರಿಪೇರಿ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಮಿರ್ತಾ ಉರ್ಕಿದಿ ಎಂದು ಹೆಸರು. ಐವತ್ತು ದಾಟಿದ ವಯಸ್ಸು, ಕಂಬಳಿಯಲ್ಲಿ ಸುತ್ತಿದ ಮರದ ಪೆಟ್ಟಿಗೆಯ ಹಳೆಯ ವಾಲ್ವ್ ರೇಡಿಯೋ ಒಂದನ್ನು ಕೂಸಿನಂತೆ ಎದೆಗೆ ಅವಚಿಕೊಂಡಿದ್ದಳು.

"ಇದು ಮಾತಾಡತ್ತೆ, ಆದ್ರೆ ಹತ್ತಿರದ್ದು ಮಾತ್ರ. ದೂರದ ಸ್ಟೇಷನ್ ಒಂದೂ ಹಿಡಿಯಲ್ಲ ಮಾಯೆಸ್ತ್ರೋ," ಎಂದಳು.

"ಯಾವತ್ತಿಂದ?"

"ನಾನು ಚಿಕ್ಕೋಳಿದ್ದಾಗ್ಲಿಂದ."

"ಅಷ್ಟು ವರ್ಷ ಸುಮ್ಮನಿದ್ದೋರಿಗೆ ಈಗೇನು ಅವಸರ ಬಂತಮ್ಮ? ನಿಮ್ಮ ಮದುವೆಗೆ ಹಾಡು ಕೇಳೋದು ಬಾಕಿ ಇತ್ತಾ?"

ಅವಳು ನಗಲಿಲ್ಲ. "ಅಪ್ಪ ಹಾಸಿಗೆ ಹಿಡಿದಿದ್ದಾರೆ. ಸತ್ತ ಹೆಂಡತೀನ ಮರೆತ್ರು, ನನ್ನ ಮರೆತ್ರು, ಉಂಡಿದ್ದನ್ನೂ ಮರೀತಾರೆ. ಈ ಡಬ್ಬ ಒಂದು ನೆನಪಿದೆ. ರೇಡಿಯೋ ಸರಿ ಮಾಡಿಸು, ರೇಡಿಯೋ ಸರಿ ಮಾಡಿಸು ಅಂತ ಬೆಳಗಾದರೆ ಪ್ರಾಣ ತಿಂತಾರೆ. ಸಾಯೋ ಮುಂಚೆ ಒಂದ್ಸಲ ಕೇಳಿಸಿಬಿಡೋಣ ಅಂತ."

ಪಾಪ, ತಂದೆಯ ಕೊನೆಗಾಲ ಎಂದುಕೊಂಡೆ. ಬಿಟ್ಟು ಹೋಗಿ ಎಂದೆ. ಅವಳು ಹೋದಮೇಲೆ ಹಿಂದಿನ ರಟ್ಟು ಬಿಚ್ಚಿ, ಗೂಡಿನಿಂದ ಒಳಗಿನ ಯಂತ್ರವನ್ನು ಹೊರಗೆಳೆದು, ಕಿಟಕಿಯ ಬೆಳಕಿಗೆ ಹಿಡಿದೆ. ಹಿಡಿದವನು ಸ್ಟೂಲು ಎಳೆದು ಕೂತು ಮತ್ತೊಮ್ಮೆ ನೋಡಿದೆ.

ರೇಡಿಯೋದ ಹೊಟ್ಟೆಯಲ್ಲಿ ಏನಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ, ನಿಮ್ಮ ಅಡುಗೆಮನೆಯ ಮೇಜಿನ ಮೇಲೆಯೇ ಅವನು ನೂರಾರು ಹೊಟ್ಟೆ ಬಗೆದಿದ್ದ. ಅಂಗಳದಲ್ಲಿ ಕೂತವರಿಗೆ ಹೇಳುತ್ತೇನೆ. ಕಿರುಬೆರಳು ಗಾತ್ರದ ಕೊಳವೆಗಳು ಸಾಲಾಗಿ ನಿಂತಿರುತ್ತವೆ, ಅವುಗಳ ಮೈಗೆ ಕೂದಲಿನಂಥ ತಾಮ್ರದ ತಂತಿ ಸುತ್ತಿರುತ್ತದೆ, ಅದು ಕಾಯಿಲ್. ಕೊಳವೆಯೊಳಗೆ ಒಂದು ಕಪ್ಪು ತುಂಡು, ಕಬ್ಬಿಣದ ಪುಡಿ ಒತ್ತಿ ಮಾಡಿದ್ದು, ತಿರುಪಿನ ಹಾಗೆ ಮೇಲೆ ಕೆಳಗೆ ಹೋಗುತ್ತದೆ, ಅದು ಕೋರ್. ಆ ಕೋರ್ ನಿಂತ ಜಾಗದಲ್ಲಿ ರೇಡಿಯೋದ ಕಿವಿ ಇದೆ. ಕಾಲು ಸುತ್ತು ಹೆಚ್ಚಾದರೆ ಒಂದು ದೇಶ ಹೋಗಿ ಇನ್ನೊಂದು ದೇಶ ಬರುತ್ತದೆ, ಇಲ್ಲವೇ ಬರೀ ಎಣ್ಣೆ ಕಾದ ಸದ್ದು. ಅದಕ್ಕೆ ಕೋರನ್ನು ಸರಿಯಾದ ಜಾಗಕ್ಕೆ ತಂದಮೇಲೆ ಯಾರೂ ಅಲುಗಿಸದಂತೆ ಮೇಲೊಂದು ಮುದ್ರೆ ಹಾಕುತ್ತೇವೆ. ಒಬ್ಬ ಮೇಣದ ಹನಿ ಬಿಡುತ್ತಾನೆ, ಇನ್ನೊಬ್ಬ ಅಂಟು ಹಚ್ಚುತ್ತಾನೆ. ಎಲಿಯೋದೋರೋ ಹಾಕುತ್ತಿದ್ದದ್ದು ಉಗುರು ಬಣ್ಣ. ನೀವು ಕಾರ್ನಿವಲ್ ಕುಣಿತಕ್ಕೆಂದು ಪಟ್ಟಣದಿಂದ ತರಿಸಿಟ್ಟಿದ್ದ ಕೆಂಪು ಉಗುರು ಬಣ್ಣ. ಬಾಟಲು ತಳ ಕಂಡಾಗಲೆಲ್ಲ ನಿಮ್ಮಿಬ್ಬರ ಜಗಳ ಮೂರನೇ ಮನೆಗೆ ಕೇಳುತ್ತಿತ್ತು.

"ನನ್ನ ಉಗುರಿಗಿಂತ ಆ ಡಬ್ಬಗಳೇ ನಿನಗೆ ಚೆಂದ ಕಾಣ್ತವಾ?"

"ಅವು ಸುಮ್ಮನೆ ಕೂತು ಹಚ್ಚಿಸ್ಕೊಳ್ತವೆ ಕಣೆ, ನಿನ್ನ ಹಾಗೆ ಬಯ್ಯಲ್ಲ."

ಎಲ್ಲರೂ ಚುಕ್ಕಿ ಇಟ್ಟರೆ ಅವನ ಚುಕ್ಕಿಗೆ ಒಂದು ಬಾಲ ಇರುತ್ತಿತ್ತು. ಎಡಗೈಯವನು, ಕಡ್ಡಿ ಎತ್ತುವಾಗ ಎಳೆದುಬಿಡುತ್ತಿದ್ದ. ಗೊದಮೊಟ್ಟೆಯ ಹಾಗೆ ಕಾಣುತ್ತದೆ ಎಂದು ನಾನು ಹಂಗಿಸುತ್ತಿದ್ದೆ.

ಉರ್ಕಿದಿ ಮನೆಯ ರೇಡಿಯೋದೊಳಗೆ ಐದು ಕಾಯಿಲು. ನಾಲ್ಕರ ನೆತ್ತಿಯ ಮೇಲೆ ಕೆಂಪು ಗೊದಮೊಟ್ಟೆ.

ಅದು ಅಣ್ಣನ ಕೆಲಸ ಅತ್ತಿಗೆ. ಆದರೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಮ್ಮ ಗಣಿಯಲ್ಲಿ, ಸುತ್ತಲ ಹತ್ತು ಗಣಿಗಳಲ್ಲಿ ಅವನ ಕೈ ತಾಗದ ರೇಡಿಯೋ ಇರಲಿಲ್ಲ. ಲಾರಿ ಬರುವ ಮುಂಚಿನ ವರ್ಷಗಳಲ್ಲಿ ಯಾವಾಗಲೋ ಸರಿಮಾಡಿದ್ದು ಹೇಗೋ ಈ ಮನೆ ಸೇರಿರಬೇಕು ಎಂದುಕೊಂಡೆ. ಹಳೆಯ ಸ್ನೇಹಿತನ ಕೈ ಕುಲುಕಿದ ಹಾಗೆ ಆ ನಾಲ್ಕನ್ನೂ ಬೆರಳಿನಿಂದ ಮುಟ್ಟಿ, ಐದನೆಯದಕ್ಕೆ ಬಂದೆ.

ಐದನೆಯದು ದೂರದ ಸ್ಟೇಷನ್ನುಗಳ ಕಾಯಿಲ್. ಅದರ ಮುದ್ರೆಯನ್ನು ಯಾರೋ ಕೆರೆದು ಹಾಕಿದ್ದರು. ಕೋರಿನ ತಲೆಗೆ ಕಬ್ಬಿಣ ತುರುಕಿ ಬಲವಾಗಿ ತಿರುಗಿಸಿದ್ದರು. ಈ ಕಪ್ಪು ತುಂಡಿಗೆ ಕಬ್ಬಿಣ ಹಾಕಬಾರದು, ಅದು ಬಿಸ್ಕತ್ತಿನ ಹಾಗೆ ಒಡೆಯುತ್ತದೆ. ಒಡೆದಿತ್ತು. ಮೇಲಿನ ಅರ್ಧ ಚೂರಾಗಿ ಓರೆಯಾಗಿ ಸಿಕ್ಕಿಕೊಂಡಿತ್ತು, ಕೆಳಗಿನ ಅರ್ಧ ಕೊಳವೆಯ ನಡುವೆ ಅಂಟಿ ನಿಂತಿತ್ತು. ಕೊಳವೆಯ ಅಂಚಿನಲ್ಲಿ ಚಾಕುವಿನ ಗಾಯ. ಇದು ರಿಪೇರಿಯವನ ಕೈಯಲ್ಲ, ಅವಸರದ ಕೈ, ಆಜ್ಞೆ ಮಾಡಿ ರೂಢಿಯಿದ್ದ ಕೈ ಎಂದು ನೋಡಿದರೇ ತಿಳಿಯುತ್ತಿತ್ತು.

ಅಣ್ಣನ ಹತಾರದ ಪೆಟ್ಟಿಗೆ ತೆಗೆದೆ. ನೆನಪಿದೆಯೇ ಅತ್ತಿಗೆ, ಸೈನ್ಯದವರು ಗಣಿಯ ರೇಡಿಯೋ ಕಂಬವನ್ನು ಉರುಳಿಸಿ, ಪ್ರಸಾರದ ಕೋಣೆಯಿಂದ ಅವನನ್ನು ಎಳೆದೊಯ್ದ ವಾರ, ನಾನು ಪಟ್ಟಣಕ್ಕೆ ಹೊರಟು ನಿಂತಾಗ ನೀವೇ ಅದನ್ನು ನನ್ನ ಹೆಗಲಿಗೆ ಹಾಕಿದಿರಿ. "ನಿನ್ನ ನಾಟಕಕ್ಕೆ ಇನ್ನು ಯಾರು ಅನ್ನ ಹಾಕ್ತಾರೆ? ಇದರಲ್ಲಿ ಹೊಟ್ಟೆ ಹೊರ್ಕೋ. ಅವನು ಬಂದ ದಿನ ಒಂದೂ ಕಮ್ಮಿ ಇರಬಾರದು ನೋಡು, ಎಣಿಸಿ ತಗೋತಾನೆ," ಎಂದಿರಿ. ಒಂದೂ ಕಮ್ಮಿಯಾಗಿಲ್ಲ. ಲಾಮಾ ಪ್ರಾಣಿಯ ಮೂಳೆ ತೇಯ್ದು ಅವನು ಮಾಡಿಕೊಂಡಿದ್ದ ತಿರುಗುಳಿ, ಅವನನ್ನು ಹಿಡಿದ ದಿನ ಅವನ ಕಿವಿಯ ಹಿಂದೆ ಸಿಕ್ಕಿಸಿದ್ದು, ಲಾರಿಯ ಹಿಂದೆ ಓಡಿದ ನಿಮಗೆ ಧೂಳಿನಲ್ಲಿ ಸಿಕ್ಕಿತಲ್ಲ, ಅದೇ ನನ್ನ ಕೈಯಲ್ಲಿತ್ತು.

ಕೊಳವೆಯ ಹತ್ತಿರ ಉರಿಯುವ ಬಲ್ಬು ಹಿಡಿದು ಒಳಗಿಳಿದು ಗಟ್ಟಿಯಾಗಿದ್ದ ಹಳೆಯ ಬಣ್ಣ ಮೆತ್ತಗಾಗುವವರೆಗೆ ಕಾದೆ. ಯಂತ್ರವನ್ನು ತಲೆಕೆಳಗು ಮಾಡಿ ಮೇಲಿನ ಚೂರುಗಳನ್ನು ಮೆಲ್ಲಗೆ ತಟ್ಟಿ ಅಂಗೈಗೆ ಉದುರಿಸಿಕೊಂಡೆ. ಕೆಳಗಿನ ತುಂಡಿನ ತಳದಲ್ಲೂ ಒಂದು ಸೀಳು ಇರುತ್ತದೆ, ಅಲ್ಲಿಗೆ ಚಾಕು ಮುಟ್ಟಿರಲಿಲ್ಲ. ಮೂಳೆಯ ತುದಿಯನ್ನು ಅದರಲ್ಲಿ ಕೂರಿಸಿ, ಉಸಿರು ಬಿಗಿಹಿಡಿದು ತಿರುಗಿಸಿದೆ. ಮುಂದೆ ಒಂದಿಷ್ಟು, ಹಿಂದೆ ಒಂದಿಷ್ಟು. ನಿಮ್ಮ ಮೈದುನ ಮೆಲ್ಲಗೆ ಮಾಡುವ ಕೆಲಸ ಈ ಭೂಮಿಯ ಮೇಲೆ ಇದೊಂದೇ. "ನೀನು ಬಾಯಿ ತೆಗೆದರೆ ಮೈಕೂ ಬೇಡ, ಕಂಬವೂ ಬೇಡ ಕಣೋ, ಯಂತ್ರ ಆರಿಸಿಬಿಡ್ತೀನಿ, ಕರೆಂಟಾದ್ರೂ ಉಳೀಲಿ," ಎಂದು ಪ್ರಸಾರದ ಯಂತ್ರ ನಡೆಸುತ್ತಿದ್ದ ಅವನು ಗಾಜಿನಾಚೆಯಿಂದ ಸನ್ನೆ ಮಾಡಿ ನಗುತ್ತಿದ್ದದ್ದು ಕಣ್ಣಿಗೆ ಬಂತು. ಅಷ್ಟರಲ್ಲಿ ಕೋರ್ ಸಡಿಲಾಯಿತು, ಹೊರಗೆ ಬಂತು. ಅದರ ಗೆರೆಗಳಲ್ಲಿ ಒಂದು ನೂಲು ಸುತ್ತಿತ್ತು.

ಕೋರ್ ಸಡಿಲವಿದ್ದರೆ ಬಿಗಿಗೆಂದು ನೂಲು ಸುತ್ತುವುದು ನಮ್ಮಲ್ಲಿ ಹೊಸದೇನಲ್ಲ. ಸಾಮಾನ್ಯವಾಗಿ ರಬ್ಬರಿನ ಎಳೆ, ಅದಿಲ್ಲದಿದ್ದರೆ ಹೊಲಿಗೆಯ ದಾರ. ಇದು ಉಣ್ಣೆ. ಒಂದು ಕಪ್ಪು ಎಳೆ, ಒಂದು ಕೆಂಪು ಎಳೆ, ಎರಡನ್ನೂ ಸೇರಿಸಿ ಹೊಸೆದದ್ದು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹುರಿ ಬಿಡಿಸಲು ನೋಡಿದೆ. ಅದು ಎಲ್ಲ ನೂಲಿನ ಹಾಗೆ ಬಿಚ್ಚಿಕೊಳ್ಳಲಿಲ್ಲ, ಇನ್ನಷ್ಟು ಬಿಗಿಯಾಯಿತು.

ಅತ್ತಿಗೆ, ಅದು ಎಡಕ್ಕೆ ಹೊಸೆದ ನೂಲು.

ಅಂಗಳದ ಹೆಂಗಸರು ಇದನ್ನು ಬಲ್ಲರು. ಎಡಕ್ಕೆ ಹೊಸೆದ ನೂಲು ಸಂತೆಯಲ್ಲಿ ಸಿಗುವುದಿಲ್ಲ. ಅದು ಮನೆಯಲ್ಲಿ ಒಬ್ಬ ಮನುಷ್ಯನಿಗಾಗಿ, ಅವನ ಹೆಸರು ಹಿಡಿದು, ಕೇಡು ತಾಗದಿರಲಿ ಎಂದು ಹೊಸೆಯುವ ಕಾವಲು ನೂಲು. ಸರ್ಕಾರ ಬಿತ್ತು, ಸೈನ್ಯ ಬರುತ್ತಿದೆ ಎಂದು ಅಣ್ಣನೇ ಮೈಕಿನಲ್ಲಿ ಹೇಳಿದ ದಿನ ನೀವು ಒಲೆಯ ಮುಂದೆ ಕೂತು ಇದೇ ಕಪ್ಪು ಕೆಂಪು ಎಳೆ ಸೇರಿಸಿ ಕದಿರು ತಿರುಗಿಸಿದ್ದನ್ನು ಕಂಡಿದ್ದೇನೆ. ಅವನ ಎಡ ಮುಂಗೈಗೆ ಕಟ್ಟಿ, "ತಾನಾಗಿ ಸವೆದು ಬೀಳೋವರೆಗೆ ತೆಗೀಬೇಡ, ತೆಗೆದರೆ ನಾನು ಸುಮ್ಮನಿರಲ್ಲ," ಎಂದಿರಿ. "ಅಷ್ಟು ದಿನ ಸ್ನಾನ ತಪ್ಪಿಸಬಹುದು ಅಂತಾಯ್ತು," ಎಂದು ಅವನು ನಕ್ಕ. ಲಾರಿ ಹತ್ತುವಾಗ ಎತ್ತಿದ ಕೈಯಲ್ಲಿ ಅದು ಇತ್ತು, ನಾನು ನೋಡಿದೆ, ನೀವೂ ನೋಡಿದಿರಿ. ಎಂದಮೇಲೆ ಈ ರೇಡಿಯೋವನ್ನು ಅವನು ಮುಟ್ಟಿದ್ದು ಲಾರಿ ಹೋದಮೇಲೆ.

ಅಂದು ನಾನು ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತೆ. ಮೊದಲು ದುಃಖಕ್ಕಲ್ಲ, ನಾಚಿಕೆಯಿಲ್ಲದ ಸಂತೋಷಕ್ಕೆ. ನಲವತ್ತು ವರ್ಷದ ಮೇಲೆ ಅಣ್ಣನ ಕೈ ಬೆಚ್ಚಗೆ ಸಿಕ್ಕಿತ್ತು. ಅವನು ಎಲ್ಲೋ ಕೂತು ಕೆಲಸ ಮಾಡಿದ್ದಾನೆ, ಬಣ್ಣ ಹುಡುಕಿದ್ದಾನೆ, ಬಾಲ ಎಳೆದಿದ್ದಾನೆ. ಆ ಸಮುದ್ರದಂಡೆಯ ಅಂಗಡಿಯ ಕತೆ ನಿಜವೇ ಇರಬಹುದೆಂದು ನಾನೂ ನಂಬಿದೆ ಅತ್ತಿಗೆ, ಒಂದು ಮಧ್ಯಾಹ್ನದ ಮಟ್ಟಿಗೆ.

ಮರುದಿನ ಮಿರ್ತಾ ವಿಚಾರಿಸಲು ಬಂದಳು. ನಾಟಕದವನಿಗೆ ಮುಖ ಮುಚ್ಚಿಡುವುದು ಕಷ್ಟವಲ್ಲ. ಮಾತಿನ ನಡುವೆ ಬಂದ ಮಾತಿನಂತೆ ಕೇಳಿದೆ. "ಇದನ್ನ ಯಾರೋ ಬಲ್ಲವರು ಸರಿ ಮಾಡಿದ್ದಾರೆ, ಆಮೇಲೆ ಯಾರೋ ಕೆಡಿಸಿದ್ದಾರೆ. ಯಾರಮ್ಮ ಅದು?"

"ಕೆಡಿಸಿದ್ದು ಅಪ್ಪ. ಸರಿ ಮಾಡಿದ್ದು ರೇಡಿಯೋ ಮಾಮ," ಎಂದಳು.

ಅವಳಪ್ಪ ದೊನ್ ಗಾಸ್ತೋನ್, ಆ ಕಾಲದಲ್ಲಿ ಕೆಳನಾಡಿನ ಕಾಡಿನೊಳಗೆ, ನದಿಯ ದಂಡೆಯಲ್ಲಿದ್ದ ಕೈದಿಗಳ ಕ್ಯಾಂಪಿನ ಅಧಿಕಾರಿ. ಅವಳು ಅದನ್ನು ಮರೆಮಾಚದೆ ಹೇಳಿದಳು, ಆದರೆ ನನ್ನ ಮುಖ ನೋಡಿ ಹೇಳಲಿಲ್ಲ. ಕಾಡಿನ ತೇವಕ್ಕೆ ರೇಡಿಯೋ ದಿನಕ್ಕೊಂದು ರೋಗ ಹತ್ತಿಸಿಕೊಳ್ಳುತ್ತಿತ್ತಂತೆ. ಕೈದಿಗಳಲ್ಲಿ ಒಬ್ಬನನ್ನು ಕಾವಲಿನವನ ಜೊತೆ ಮನೆಗೆ ಕಳಿಸುತ್ತಿದ್ದರು. ಅವನು ಜಗಲಿಯಲ್ಲಿ ಕೂತು ಸರಿಮಾಡುತ್ತಿದ್ದ, ಅವಳು ಎದುರಿಗೆ ಕೂತಿರುತ್ತಿದ್ದಳು.

"ಹೇಗಿದ್ದ?" ಎಂದೆ.

"ಸಣ್ಣಗಿದ್ದ. ಕೆಮ್ಮುತ್ತಿದ್ದ. ಅಮ್ಮ ಕೊಟ್ಟ ಬಾಳೆಹಣ್ಣನ್ನ ಸಿಪ್ಪೆ ಸಮೇತ ತಿಂದುಬಿಟ್ಟಿದ್ದ ಒಂದ್ಸಲ. ಆಮೇಲೆ ನಾಚಿಕೊಂಡು, ನಮ್ಮ ಊರಲ್ಲಿ ಹೀಗೇ ತಿನ್ನೋದು ಅಂದ. ಆದ್ರೆ ನಗಿಸ್ತಿದ್ದ. ಒಬ್ಬ ಸೈತಾನ ಒಬ್ಬ ವಿಧವೆ ಹತ್ರ ಸಾಲ ಕೇಳೋಕೆ ಬರೋ ಕತೆ, ಎರಡೂ ದನಿ ಅವನೇ. ವಿಧವೆ ಸೈತಾನನಿಗೆ ಪೊರಕೇಲಿ ಹೊಡೀತಾಳೆ."

ಆ ಪ್ರಹಸನ ನಮ್ಮ ಅಪ್ಪನದು ಅತ್ತಿಗೆ. ಗುಡಾರದಲ್ಲಿ ನಾನು ಸೈತಾನ, ಅವನು ತಲೆ ತುಂಬ ಶಾಲು ಹೊದ್ದ ವಿಧವೆ. ನನ್ನ ಬೆನ್ನ ಮೇಲೆ ಆ ಪೊರಕೆಯ ಏಟು ಈಗಲೂ ಇದೆ.

"ಮತ್ತೆ ಈ ಕೆಂಪು ಬಣ್ಣ?"

"ಅಮ್ಮನ ಉಗುರಿನ ಬಣ್ಣ. ಅವನೇ ಕೇಳಿದ. ನಾನು ಕದ್ದು ತಂದುಕೊಟ್ಟೆ. ಒಂದು ಹನಿ ನನ್ನ ಕಿರುಬೆರಳಿಗೂ ಇಟ್ಟ. ಅವನ ಮುಂಗೈಲಿ ಒಂದು ದಾರ ಇತ್ತು, ಹಲ್ಲಿಂದ ಕಚ್ಚಿ ಒಂದು ತುಂಡು ತೆಗೆದು ಆ ಕಪ್ಪುದಕ್ಕೆ ಸುತ್ತಿದ. ದಾರ ಯಾಕೆ ಹರಿತೀಯ ಅಂತ ಕೇಳಿದೆ. ಇದು ನನ್ನ ಹೆಂಡತಿ ಕೊಟ್ಟ ಕಾಗದ, ಒಂದು ದಿನ ನಮ್ಮೋರು ಯಾರಾದ್ರೂ ಓದ್ತಾರೆ ಅಂದ. ನನಗೆ ಅರ್ಥ ಆಗಲಿಲ್ಲ. ಈಗಲೂ ಆಗಿಲ್ಲ."

ನನಗೆ ಆಯಿತು. ರೇಡಿಯೋ ಎಂದಾದರೂ ಕೆಡುತ್ತದೆ, ಕೆಟ್ಟ ರೇಡಿಯೋ ರಿಪೇರಿಯವನ ಮೇಜಿಗೆ ಬರುತ್ತದೆ, ರಿಪೇರಿಯವನು ಮಲೆಯ ಮೇಲಿನವನಾದರೆ ಎಡ ಹುರಿಯ ನೂಲನ್ನು ಗುರುತಿಸುತ್ತಾನೆ. ಅಷ್ಟೇ ಅವನ ಲೆಕ್ಕ. ಅವನಿಗೆ ಕಾಗದವಿರಲಿಲ್ಲ, ಅಂಚೆಯಿರಲಿಲ್ಲ. ಕಾವಲಿನ ನೂಲನ್ನೇ ಹರಿದು ಕಾಯಿಲಿನ ಹೊಟ್ಟೆಗೆ ಹಾಕಿ ನಮಗೆ ಕಳಿಸಿದ. ತೆಗೆದರೆ ಸುಮ್ಮನಿರಲ್ಲ ಎಂದು ನೀವು ಹೇಳಿದ್ದಿರಿ. ಅವನ ಮೇಲೆ ಸಿಟ್ಟಾಗಬೇಡಿ.

ಮಿರ್ತಾ ಮುಂದೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ಮಳೆಗಾಲ ಮುಗಿಯೋ ಹೊತ್ತಿಗೆ ಮತ್ತೆ ದೂರದ ಸ್ಟೇಷನ್ ಹೋಯ್ತು. ಅಪ್ಪ ಬೇಟೆ ಚಾಕು ತಂದು ತಾನೇ ತಿರುಗಿಸೋಕೆ ಕೂತ್ರು. ಟಕ್ ಅಂತು. ಅಮ್ಮ ಅಂದ್ರು, ಆ ಮನುಷ್ಯನ್ನೇ ಕರೆಸಬಾರದಾ ಅಂತ. ಅಪ್ಪ ಚಾಕು ಒರೆಸ್ಕೊಂಡು, ಅವನು ಇನ್ನು ಬರಲ್ಲ ಅಂದ್ರು. ಅಮ್ಮ ಆಮೇಲೆ ಉಗುರಿಗೆ ಬಣ್ಣ ಹಚ್ಚಲೇ ಇಲ್ಲ."

ಆಗ ನಾನು ಯಾರೆಂದು ಹೇಳಿದೆ. ನಾನು ಗುಡುಗಲಿಲ್ಲ ಅತ್ತಿಗೆ, ಹೆಸರು ಹೇಳಿದೆ ಅಷ್ಟೇ. ಅವಳು ರೇಡಿಯೋ ಸುತ್ತಿ ತಂದ ಕಂಬಳಿ ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡಳು. ಆಮೇಲೆ, "ಬನ್ನಿ, ಅಪ್ಪನ್ನ ಕೇಳಿ. ನಾನು ಕೇಳೋಕೆ ಯಾವತ್ತೂ ಧೈರ್ಯ ಮಾಡಲಿಲ್ಲ," ಎಂದಳು.

ರಂಗದ ಮೇಲೆ ನಾನು ಎಷ್ಟು ಸೇಡು ತೀರಿಸಿಕೊಂಡಿದ್ದೇನೆಂದು ಈ ಅಂಗಳಕ್ಕೆ ಗೊತ್ತು. ರಟ್ಟಿನ ಕತ್ತಿ ಎತ್ತಿ, ನನ್ನ ತಂದೆಯ ರಕ್ತಕ್ಕೆ ಲೆಕ್ಕ ಕೊಡು ಎಂದು ನಾನು ಅಬ್ಬರಿಸಿದರೆ ನೀವೆಲ್ಲ ಬೆಂಚಿನ ಮೇಲೆ ಹತ್ತಿ ನಿಲ್ಲುತ್ತಿದ್ದಿರಿ. ಆ ಮನೆಯ ದಾರಿಯುದ್ದಕ್ಕೂ ಆ ಮಾತುಗಳನ್ನೆಲ್ಲ ನೆನಪು ಮಾಡಿಕೊಂಡು ಹೋದೆ. ಒಳಗೆ ಹೋದರೆ, ಬಿಸಿಲು ಬೀಳುವ ಕಿಟಕಿಯ ಪಕ್ಕ ಹಾಸಿಗೆಯಲ್ಲಿ ಒಂದು ಹಿಡಿ ಮೂಳೆ, ಅದಕ್ಕೆ ಗಂಜಿ ಕುಡಿಸುವ ಬಟ್ಟಲು. ಕತ್ತಿ ಎತ್ತಲು ಅಲ್ಲಿ ಯಾರೂ ಇರಲಿಲ್ಲ.

"ನಮಸ್ಕಾರ ದೊನ್ ಗಾಸ್ತೋನ್," ಎಂದೆ.

ಮುದುಕನ ಕಣ್ಣು ಅಗಲವಾಯಿತು. ಅಣ್ಣನದೂ ನನ್ನದೂ ಒಂದೇ ದನಿ ಎಂದು ನೀವೇ ಅನ್ನುತ್ತಿದ್ದಿರಲ್ಲ, ಕತ್ತಲಲ್ಲಿ ಕೂಗಿದರೆ ಯಾರಿಗೆ ತಟ್ಟೆ ಹಾಕಬೇಕೋ ತಿಳಿಯುವುದಿಲ್ಲ ಎಂದು.

"ರೇಡಿಯೋ," ಎಂದ ಅವನು. "ಬಂದೆಯಾ ರೇಡಿಯೋ. ಎಷ್ಟು ದಿನ ಆಯ್ತು ಹೇಳಿಕಳಿಸಿ."

ನಾನು ಹಾಸಿಗೆಯ ಹತ್ತಿರ ಹೋದೆ. ಅವನ ಕೈ ಹೊದಿಕೆಯಿಂದ ಹೊರಗೆ ಬಂದು ನನ್ನ ತೋಳು ಹುಡುಕಿತು.

"ಬಯ್ಯಬೇಡ ನನ್ನ. ಚಾಕು ಹಾಕಿದ್ದು ನಾನೇ. ಒಡೆದುಹೋಯ್ತು. ಚೆಂದ ಹಾಡ್ತಿತ್ತು, ನಾನೇ ಹಾಳು ಮಾಡಿದೆ. ಕ್ಷಮಿಸಿಬಿಡಪ್ಪ."

ಕೇಳಿದಿರಾ ಅತ್ತಿಗೆ. ಕೇಳಿದಿರಾ ಮಹಾಜನಗಳೇ. ಅವನು ಕ್ಷಮೆ ಕೇಳಿದ. ಅಳುತ್ತ, ನಿಜವಾದ ಕಣ್ಣೀರು ಸುರಿಸುತ್ತ ಕೇಳಿದ. ಒಡೆದ ಕೋರಿಗಾಗಿ.

"ಯಾಕೆ ಚಾಕು ಹಾಕಿದೆ? ನನ್ನ ಕರೆಸಬಹುದಿತ್ತಲ್ಲ," ಎಂದೆ. ನನ್ನ ಜೀವಮಾನದಲ್ಲಿ ನಾನು ಆಡಿದ ಕೊನೆಯ ಪಾತ್ರ ಅದು, ನನ್ನಣ್ಣನ ಪಾತ್ರ.

"ನೀನೆಲ್ಲಿದ್ದೆ. ನೀನು ದೋಣೀಲಿ ಹೋದೆಯಲ್ಲ, ಆ ಮೂವರು ಕೈದಿಗಳ ಜೊತೆ. ನದಿ ತುಂಬಿತ್ತು. ಕಾಲಿಗೆ ಕಬ್ಬಿಣ ಕಟ್ಟಿದ್ರೂ ಕೈ ಎತ್ತಿ ಹಿಡಿದಿದ್ದೆ ನೋಡು, ದಂಡೆಯಿಂದ ಕಾಣ್ತಿತ್ತು." ಅವನು ಗೊಂದಲದಿಂದ ನನ್ನ ಮುಂಗೈ ಸವರಿದ. "ದೋಣಿ ವಾಪಸ್ಸು ಬಂತು. ನೀನು ಬರಲಿಲ್ಲ. ರೇಡಿಯೋ ಹಾಗೇ ಉಳೀತು."

ಮಿರ್ತಾ ಬಾಗಿಲಲ್ಲೇ ಕೂತುಬಿಟ್ಟಳು. ಮುದುಕ ಸ್ವಲ್ಪ ಹೊತ್ತಿಗೆ ನಿದ್ದೆ ಹೋದ. ನಾನು ಅವನ ಕೈಯನ್ನು ನನ್ನ ತೋಳಿನಿಂದ ಬಿಡಿಸಿ ಹೊದಿಕೆಯ ಮೇಲೆ ಇಟ್ಟೆ. ಎಸೆಯಲಿಲ್ಲ, ಒತ್ತಲಿಲ್ಲ, ಇಟ್ಟೆ. ಅದಕ್ಕಿಂತ ಹೆಚ್ಚಿನದೇನನ್ನೂ ಮಾಡಲು ನನ್ನಿಂದ ಆಗಲಿಲ್ಲ, ನಿಮಗೆ ಸಿಟ್ಟು ಬಂದರೆ ಬರಲಿ. ಹೊರಡುವಾಗ ಆ ಹೆಂಗಸು, "ರೇಡಿಯೋ ನಿಮ್ಮ ಹತ್ರಾನೇ ಇರಲಿ. ಕೇಳಿದರೆ ರಿಪೇರಿಗೆ ಹೋಗಿದೆ ಅಂತೀನಿ. ಯಾರಾದ್ರೂ ಎಲ್ಲಾದ್ರೂ ಸಾಕ್ಷಿಗೆ ಕರೆದರೆ, ಅಪ್ಪ ಹೇಳಿದ್ದನ್ನ ನಾನು ಕೇಳಿದೀನಿ ಅಂತಾನೂ ಹೇಳ್ತೀನಿ," ಎಂದಳು. ತಲೆಯೆತ್ತಿ ಹೇಳಿದಳು. ಅದನ್ನೂ ನೀವು ತಿಳಿದಿರಬೇಕು.

ಅಂಗಡಿಗೆ ಬಂದು ಕೆಲಸ ಮುಗಿಸಿದೆ. ಅರ್ಧಕ್ಕೆ ಬಿಟ್ಟರೆ ಅವನು ಒಪ್ಪುತ್ತಿರಲಿಲ್ಲ. ಅವನದೇ ಪೆಟ್ಟಿಗೆಯ ತಗಡಿನ ಡಬ್ಬಿಯಲ್ಲಿ ಅದೇ ಅಳತೆಯ ಒಂದು ಕೋರ್ ಸಿಕ್ಕಿತು. ನಿಮ್ಮ ನೂಲನ್ನು ಮತ್ತೆ ಸುತ್ತಲು ಕೈ ಬರಲಿಲ್ಲ, ನನ್ನ ಅಂಗಿಯ ದಾರ ಸುತ್ತಿದೆ. ಮೂಳೆಯ ತುದಿಯಿಂದ ಕೂದಲೆಳೆಯಷ್ಟು, ಕೂದಲೆಳೆಯಷ್ಟು ತಿರುಗಿಸಿದೆ. ಎಣ್ಣೆ ಕಾಯುವ ಸದ್ದಿನೊಳಗಿಂದ ಮೊದಲು ಒಂದು ಶಿಳ್ಳೆ ಬಂತು, ಆಮೇಲೆ ಯಾವುದೋ ದೂರದ ದೇಶದ ಹೆಂಗಸು ನನಗೆ ತಿಳಿಯದ ಭಾಷೆಯಲ್ಲಿ ಸಾವಕಾಶವಾಗಿ ಏನೋ ಹೇಳತೊಡಗಿದಳು, ಪಕ್ಕದ ಕೋಣೆಯಲ್ಲಿ ಕೂತಷ್ಟು ಸ್ಪಷ್ಟವಾಗಿ. ಅಣ್ಣ ಸರಿಮಾಡಿಟ್ಟಿದ್ದ ಉಳಿದ ನಾಲ್ಕು ಕಾಯಿಲುಗಳನ್ನು ನಾನು ಮುಟ್ಟಬೇಕಾಗಲೇ ಇಲ್ಲ. ಅವು ಅವನು ಬಿಟ್ಟ ಜಾಗದಲ್ಲೇ ನಿಂತಿವೆ.

ಐದನೆಯದಕ್ಕೆ ಮಾತ್ರ ಮುದ್ರೆ ಹಾಕಿಲ್ಲ. ಅದನ್ನು ಹಾಕುವ ಹಕ್ಕು ನನ್ನದಲ್ಲ.

ಈಗ ಈ ಕಾಗದ ಬರೆದ ಕಾರಣಕ್ಕೆ ಬರುತ್ತೇನೆ. ನಾಡಿದ್ದು ಸತ್ತವರ ಹಬ್ಬ, ಮಧ್ಯಾಹ್ನಕ್ಕೆ ಅವರು ಮನೆಗೆ ಬರುತ್ತಾರೆ. ನಿಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಎಡೆಯ ಮೇಜು ಹೂಡುತ್ತಾರೆ, ಕಬ್ಬು ಕಟ್ಟುತ್ತಾರೆ, ರೊಟ್ಟಿಯ ಹಾಗೆ ಹಿಟ್ಟಿನ ಗೊಂಬೆ ಸುಡುತ್ತಾರೆ, ಆತ್ಮ ಮೇಲಿಂದ ಇಳಿಯಲೆಂದು ಹಿಟ್ಟಿನ ಏಣಿ ಸುಡುತ್ತಾರೆ. ನಿಮ್ಮ ಮನೆಯಲ್ಲಿ ಒಂದು ವರ್ಷವೂ ಮೇಜು ಏಳಲಿಲ್ಲ. ದೊನ್ಯಾ ಪ್ರಿಮಿತಿವಾ ಒಮ್ಮೆ ನಿಮ್ಮ ಕೈಹಿಡಿದು, "ಒಂದು ರೊಟ್ಟಿನಾದ್ರೂ ಇಡು ಕಸಿಲ್ದಾ, ಹಸಿದು ಅಲೀತಿದ್ರೆ?" ಎಂದಾಗ ನೀವು ಕೈ ಕೊಸರಿಕೊಂಡು ಹೇಳಿದ್ದು ನನಗೆ ನೆನಪಿದೆ. "ಏಣಿ ಸತ್ತೋರಿಗೆ. ನನ್ನ ಗಂಡನಿಗೆ ಕಾಲಿದೆ, ಬಾಗಿಲು ಸಾಕು." ಆ ಬಾಗಿಲನ್ನು ನೀವು ಇಂದಿಗೂ ಚಿಲಕ ಹಾಕದೆ ಮಲಗುತ್ತೀರಿ. ಮಲೆಯ ಚಳಿಗಾಳಿ ಅಷ್ಟೂ ವರ್ಷ ಅದರಿಂದ ಒಳಗೆ ಬಂದು ನಿಮ್ಮ ಎದೆಗೂಡಿನಲ್ಲಿ ಕೂತಿದೆ.

ಅತ್ತಿಗೆ, ಅವನ ಕಾಲಿಗೆ ಕಬ್ಬಿಣ ಕಟ್ಟಿದರು. ಅವನು ಬಾಗಿಲಿನಿಂದ ಬರಲಾರ. ನಲವತ್ತು ವರ್ಷ ಎಲ್ಲರ ಸತ್ತವರೂ ಉಂಡು ಹೋದರು, ಅವನು ಮಾತ್ರ ಕರೆಯದೆ ಹೇಗೆ ಬರಲೆಂದು ಆ ನೀರಿನಲ್ಲೇ ನಿಂತಿದ್ದಾನೆ. ನೀವು ಒಪ್ಪದೆ ಆ ಮೇಜು ಏಳಬಾರದು, ನಾನು ಒತ್ತಾಯ ಮಾಡುವುದಿಲ್ಲ. ಆದರೆ ಕೇಳುತ್ತೇನೆ. ಸಾವಿರ ಜನರ ಎದುರು ಅರಚಿದ ಈ ಗಂಟಲು ನಿಮ್ಮ ಎದುರು ನಿಂತು ಇದನ್ನು ಕೇಳಲಾರದು, ಅದಕ್ಕೇ ಕಾಗದ. ನಾನಿಲ್ಲದೆ, ನಿಮ್ಮವರ ನಡುವೆ ಅತ್ತು, ನನ್ನನ್ನು ಬೈದು, ನೂಲು ಸುಳ್ಳೆಂದು ಹೇಳಿ, ಮತ್ತೆ ಅತ್ತು ಮುಗಿಸಲು ಒಂದು ರಾತ್ರಿ ನಿಮಗಿರಲಿ ಎಂದು ಇದನ್ನು ಮಧ್ಯಾಹ್ನದ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೇನೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಬರುತ್ತೇನೆ. ಒಂದು ಹೆಗಲ ಮೇಲೆ ರೇಡಿಯೋ, ಇನ್ನೊಂದರ ಮೇಲೆ ಹಿಟ್ಟಿನ ಚೀಲ, ಜೇಬಿನಲ್ಲಿ ಬೆಂಕಿಪೊಟ್ಟಣದೊಳಗೆ ನಿಮ್ಮ ನೂಲು, ಮತ್ತು ಒಂದು ಬಾಟಲು ಕೆಂಪು ಉಗುರು ಬಣ್ಣ. ಊರಿನ ರೊಟ್ಟಿ ಒಲೆಯ ಮುಂದೆ ಎಲ್ಲ ಹೆಂಗಸರ ಸಾಲಿನಲ್ಲಿ ಜಾಗ ಹಿಡಿಯುತ್ತೇನೆ, ನಗುವವರು ನಗಲಿ. ನೂಲನ್ನು ನೀವೇ ಬೆರಳಲ್ಲಿ ಹಿಡಿದು ನೋಡಿ. ನಿಮ್ಮದಲ್ಲ ಎಂದರೆ ಹಿಟ್ಟು ಚೀಲದಲ್ಲೇ ಇರಲಿ, ನಾನು ಮಧ್ಯಾಹ್ನದ ಬಸ್ಸಿಗೆ ಮರಳುತ್ತೇನೆ. ನಿಮ್ಮದೇ ಎಂದರೆ ಐದನೆಯ ಕಾಯಿಲಿಗೆ ಬಣ್ಣದ ಹನಿ ಇಡಿ, ಬಾಲ ಬಿಟ್ಟರೂ ಸರಿ, ಬಿಡದಿದ್ದರೂ ಸರಿ. ಆಮೇಲೆ ನಾನು ತೋಳು ಮಡಿಸಿ ಹಿಟ್ಟು ನಾದಿ ಏಣಿ ಮಾಡುತ್ತೇನೆ. ಎಲ್ಲರ ಏಣಿಗಿಂತ ಉದ್ದನೆಯದು ಮಾಡುತ್ತೇನೆ. ಬೇರೆಯವರ ಆತ್ಮಗಳು ಮೇಲಿಂದ ಇಳಿದು ಬರುತ್ತವೆ ಅತ್ತಿಗೆ. ನಮ್ಮವನು ನದಿಯ ತಳದಿಂದ ಹತ್ತಿ ಬರಬೇಕು.

ನಿಮ್ಮ ಒಲೆ ಆರದಿರಲಿ, ನಿಮ್ಮ ಎದೆಯ ಚಳಿ ಇಳಿಯಲಿ. ಇಂದು ರಾತ್ರಿ, ನನ್ನ ಮೇಲಾಣೆ, ಬಾಗಿಲಿಗೆ ಚಿಲಕ ಹಾಕಿ ಮಲಗಿ.

ಅಣ್ಣನ ಹತಾರಗಳಲ್ಲಿ ಒಂದನ್ನೂ ಕಳೆಯದ ಮೈದುನ,
ರುಫೀನೋ